ಬ್ಯಾಕ್ಟೀರಿಯಾಗಳಿಗೂ ಐಕ್ಯೂ ಇದೆಯೇ?

ಪ್ರಶ್ನೆ: ಬ್ಯಾಕ್ಟೀರಿಯಾಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಸುತ್ತ ಏನಾಗುತ್ತಿದೆ ಎಂದು ಅವಕ್ಕೆ ತಿಳಿಯುವುದು ಹೇಗೆ? ಅವುಗಳಲ್ಲೂ ಚುರುಕು, ಮಂದ ಎಂಬ ಭೇದ ಇದೆಯೇ?

ಉತ್ತರ: ಸುದ್ದಿ ಹಿಡಿಯುವ ಕೆಲಸ ಸಂಕೇತ ಪ್ರೋಟೀನುಗಳದ್ದು. ಕೆಲವು ಜೋಡಿಯಾಗಿ ದುಡಿಯುತ್ತವೆ. ಸಾಮಾನ್ಯವಾಗಿ ಪೊರೆಯಲ್ಲಿರುವ ಹಿಸ್ಟಿಡಿನ್ ಕೈನೇಸ್ ಬದಲಾವಣೆಯನ್ನು ಗುರುತಿಸಿ, ಒಳಗಿನ ಜೊತೆಗಾರನಿಗೆ ಒಂದು ಫಾಸ್ಫೇಟ್ ದಾಟಿಸುತ್ತದೆ. ಆ ಜೊತೆಗಾರ ಬೇಕಾದ ಜೀನುಗಳನ್ನು ಚಾಲೂ ಮಾಡುತ್ತದೆ. ಇನ್ನು ಕೆಲವು ಪ್ರೋಟೀನುಗಳು ಗ್ರಹಿಕೆ, ಪ್ರತಿಕ್ರಿಯೆ ಎರಡನ್ನೂ ಒಂಟಿಯಾಗಿಯೇ ನಿಭಾಯಿಸುತ್ತವೆ. ಪಠ್ಯಪುಸ್ತಕಗಳಲ್ಲಿ ಜೋಡಿಗಳಿಗೇ ಹೆಸರು. ಆದರೆ ಸಂಖ್ಯೆಯಲ್ಲಿ ಒಂಟಿಗಳೇ ಮುಂದು ಎಂಬುದು 2005ರಲ್ಲಿ ಜೀನೋಮ್‌ಗಳನ್ನು ಹೋಲಿಸಿದಾಗ ಗೊತ್ತಾಯಿತು.

ಇಂಥ ಹೋಲಿಕೆಗೆಂದೇ ‘ಮಿಸ್ಟ್’ ಎಂಬ ದತ್ತಸಂಚಯವಿದೆ. ಪ್ರೋಟೀನಿನ ಪ್ರತಿ ಭಾಗಕ್ಕೂ, ಅಂದರೆ ಡೊಮೇನ್‌ಗೂ, ಗುರುತಿಸಬಹುದಾದ ಅಮೈನೋ ಆಮ್ಲ ಸರಣಿ ಇರುತ್ತದೆ. ಕಂಪ್ಯೂಟರ್ ಅದನ್ನು ಜೀನೋಮ್‌ನಲ್ಲಿ ಹುಡುಕಿ, ಪ್ರೋಟೀನುಗಳನ್ನು ವಿಂಗಡಿಸಿ ಎಣಿಸುತ್ತದೆ. ನಮ್ಮ ಕರುಳಿನ ಇ. ಕೋಲೈಯಲ್ಲಿ ಸುಮಾರು 30 ಹಿಸ್ಟಿಡಿನ್ ಕೈನೇಸ್‌ಗಳಿವೆ. ಮಣ್ಣಿನಲ್ಲಿ ಗುಂಪುಗೂಡಿ ಬೇಟೆಯಾಡುವ ಮಿಕ್ಸೊಕಾಕಸ್‌ನಲ್ಲಿ ನೂರಕ್ಕೂ ಹೆಚ್ಚು. ಮನುಷ್ಯದೇಹದಲ್ಲೇ ಬದುಕುವ ಮೈಕೊಪ್ಲಾಸ್ಮಾ ಜೆನಿಟೇಲಿಯಂನಲ್ಲಿ ಒಂದೂ ಇಲ್ಲ. ಹೆಚ್ಚು ಬದಲಾಗದ ಪರಿಸರದಲ್ಲಿ ಅವುಗಳ ಅಗತ್ಯ ಕಡಿಮೆ.

ಜೀನೋಮ್ ದೊಡ್ಡದಾದಷ್ಟೂ ಇಂಥ ಪ್ರೋಟೀನುಗಳು ಹೆಚ್ಚುವುದು ಸಹಜ. ಆದ್ದರಿಂದ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದು ಮೈಕೆಲ್ ಗ್ಯಾಲ್ಪೆರಿನ್ 2005ರಲ್ಲಿ ‘ಬ್ಯಾಕ್ಟೀರಿಯಾ ಐಕ್ಯೂ’ ಎಂಬ ಅಳತೆಯನ್ನು ಸೂಚಿಸಿದರು. ಆದರೆ ಇದು ಯೋಚನಾಶಕ್ತಿಯ ಅಳತೆಯಲ್ಲ. ಎಣಿಕೆಗೂ ಮಿತಿ ಇದೆ: ಒಂದು ಪ್ರೋಟೀನು ಉಪ್ಪನ್ನು ಗ್ರಹಿಸುತ್ತದೋ ಸಕ್ಕರೆಯನ್ನೋ ಎಂಬುದನ್ನು ಖಚಿತಪಡಿಸಲು ಈಗಲೂ ಪ್ರಯೋಗಾಲಯವೇ ಬೇಕು.