ಐದು ವರ್ಷಕ್ಕಾಗುವಷ್ಟು ಜಾಗ ಇದೆಯಾ? ಇಂಗ್ಲೆಂಡಿನ ಕೌನ್ಸಿಲ್‌ಗಳ ಲೆಕ್ಕ

ಮುಂದೆ ಯಾವ ಹೊಲದಲ್ಲಿ ಮನೆ ಏಳಬಹುದು ಅನ್ನೋದನ್ನ ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ಮೊದಲೇ ನೋಡಬಹುದು. ಸ್ಥಳೀಯ ಕೌನ್ಸಿಲ್ ‘ಜಾಗ ಇದ್ದರೆ ತಿಳಿಸಿ’ ಎಂದು ಭೂಮಾಲೀಕರು, ಬಿಲ್ಡರ್‌ಗಳು, ಊರವರನ್ನು ಕೇಳುತ್ತದೆ. ಬಂದ ಪ್ರತಿ ಜಾಗಕ್ಕೂ ಮೂರು ಪ್ರಶ್ನೆ: ಮನೆಗೆ ಯೋಗ್ಯವೇ? ಮಾಲೀಕರು ನಿಜಕ್ಕೂ ಕೊಡ್ತಾರಾ? ಕಟ್ಟಿದರೆ ಗಿಟ್ಟುತ್ತಾ? ಈ ಪಟ್ಟಿ ಸಾರ್ವಜನಿಕ. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ.

ಅಸಲಿ ಜಗಳ ಇರೋದು ಆಮೇಲಿನ ಭಾಗಾಕಾರದಲ್ಲಿ. ಒಂದು ಉದಾಹರಣೆ ತಗೊಳ್ಳಿ. ಒಂದು ಕೌನ್ಸಿಲ್‌ಗೆ ವರ್ಷಕ್ಕೆ 1,000 ಮನೆ ಬೇಕು. ನಿಯಮದಂತೆ ಶೇ 5 ಹೆಚ್ಚುವರಿ ಸೇರಿಸಿದರೆ 1,050. ಮುಂದಿನ ಐದು ವರ್ಷದಲ್ಲಿ ಖಂಡಿತ ಎದ್ದೇಳಬಹುದಾದ ಮನೆ 4,200. ಅಂದರೆ ಕೈಯಲ್ಲಿರೋದು ನಾಲ್ಕೇ ವರ್ಷದ ಜಾಗ. ಐದು ತೋರಿಸಲಾಗದಿದ್ದರೆ ರಾಷ್ಟ್ರೀಯ ಯೋಜನಾ ನೀತಿಯ ತಕ್ಕಡಿ ಅನುಮತಿಯ ಕಡೆ ವಾಲುತ್ತೆ. ಕೌನ್ಸಿಲ್ ಬೇಡ ಅಂದ ಹೊಲಕ್ಕೂ ಬಿಲ್ಡರ್ ಮೇಲ್ಮನವಿ ಹಾಕಿ ಗೆಲ್ಲಬಹುದು. ಹಾಗಾಗಿ ಆ 4,200ರಲ್ಲಿ ಯಾವ ಜಾಗ ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ ಅಂತ ಎರಡೂ ಕಡೆಯವರು ಒಂದೊಂದೇ ಜಾಗ ಹಿಡಿದು ವಾದಿಸ್ತಾರೆ.

ಬೇಕಾದ ಮನೆ ಎಷ್ಟು ಅನ್ನೋ ಸೂತ್ರವೂ ಕೌನ್ಸಿಲ್‌ನದ್ದಲ್ಲ, ಕೇಂದ್ರ ಸರ್ಕಾರದ್ದು. 2024ರ ಡಿಸೆಂಬರ್‌ನಿಂದ ಅದರ ಬುಡ, ಈಗಿರುವ ಮನೆಗಳ ಶೇ 0.8. ಸಂಬಳಕ್ಕೆ ಹೋಲಿಸಿದರೆ ಮನೆ ದುಬಾರಿಯಾದ ಊರಲ್ಲಿ ಅಂಕಿ ಇನ್ನೂ ಏರುತ್ತೆ. ಇದು ನನಗೆ ಸರಿಯೇ ಅನಿಸುತ್ತೆ. ಬಾಡಿಗೆ ಕಟ್ಟೋ ಹುಡುಗರಿಗೆ ಊರಿನ ಸಭೆಯಲ್ಲಿ ದನಿ ಕಡಿಮೆ.

ಒಪ್ಪಲಾಗದ್ದು ಇನ್ನೊಂದು. ಮನೆ ಕಟ್ಟೋರು ಹೆಚ್ಚಾಗಿ ಖಾಸಗಿ ಬಿಲ್ಡರ್‌ಗಳೇ. ಅನುಮತಿ ಸಿಕ್ಕ ಜಾಗದಲ್ಲಿ ಅವರು ನಿಧಾನ ಮಾಡಿದರೂ ಲೆಕ್ಕದಲ್ಲಿ ಸೋಲೋದು ಕೌನ್ಸಿಲ್, ತೆರೆದುಕೊಳ್ಳೋದು ಪಕ್ಕದ ಹೊಲ.