ಹುಳುವಿನ ಪಂಚಾಂಗ ಬಲ್ಲ ಬೇಸಾಯ

ಚಳ್ಳಕೆರೆ, ಹಿರಿಯೂರು, ಶಿರಾ, ಪಾವಗಡ ಸೀಮೆಯ ಕೆಂಪು ನೆಲದಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಶೇಂಗಾ ಬೆಳೆಗಾರರು ಕಾಯುವ ಹಾಗೆ ಕೆಂಪುತಲೆ ಕಂಬಳಿ ಹುಳುವೂ ಕಾಯುತ್ತಿರುತ್ತದೆ. ಹಿಂದಿನ ವರ್ಷ ಹೊಟ್ಟೆ ತುಂಬ ಮೇದು ಮಣ್ಣಿಗಿಳಿದದ್ದು, ಬದುವಿನ ಬುಡದಲ್ಲೋ ಮರದ ನೆರಳಿನಲ್ಲೋ ಕೋಶ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತದೆ. ನೆಲ ಚೆನ್ನಾಗಿ ನೆನೆದರೆ ಸಾಕು, ಕೆಲವೇ ದಿನಗಳಲ್ಲಿ ಪತಂಗವಾಗಿ ಏಳುತ್ತದೆ. ಕತ್ತಲಾದ ಮೇಲೆ ಹಾರಾಟ, ಜೋಡಿ, ಆಮೇಲೆ ಒಂದೇ ಕಡೆ ನೂರಾರು ಮೊಟ್ಟೆ. ಅವು ಒಡೆಯುವ ಹೊತ್ತಿಗೆ ಶೇಂಗಾ ಇನ್ನೂ ಎಳೆ ಪೈರು.

ಹುಳುವಿಗೂ ಹೀಗೊಂದು ಪಂಚಾಂಗವಿದೆ. ಅದು ಯಾವಾಗ ಏಳುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ವಯಸ್ಸಿನಲ್ಲಿ ಕೈಗೆ ಸಿಗುತ್ತದೆ ಎಂದು ತಿಳಿದವರಿಗೆ ಔಷಧಿ ಹೊಡೆಯುವ ಪ್ರಸಂಗವೇ ಅಪರೂಪ. ಸಮಗ್ರ ಕೀಟ ನಿರ್ವಹಣೆಯ ತಿರುಳು ಇಷ್ಟೇ. ಇದರ ಅರ್ಧ ಕೆಲಸ ಬೆಳೆಯ ಹೊರಗೆ, ಬೆಳೆಗಿಂತ ಮುಂಚೆ ನಡೆಯುತ್ತದೆ ಎಂಬುದೇ ನನಗೆ ಬಲು ಮೆಚ್ಚಿಗೆಯಾದ ಸಂಗತಿ.

ಕಂಬಳಿ ಹುಳುವನ್ನೇ ನೋಡಿ. ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಕೋಶಗಳು ಮೇಲೆ ಬಿದ್ದು ಬಿಸಿಲಿಗೆ ಒಣಗುತ್ತವೆ. ನೇಗಿಲ ಹಿಂದೆಯೇ ಬರುವ ಬೆಳ್ಳಕ್ಕಿ, ಗೊರವಂಕಗಳು ಉಳಿದದ್ದನ್ನು ಹೆಕ್ಕುತ್ತವೆ. ತಪ್ಪಿಸಿಕೊಂಡವು ಮೊದಲ ಮಳೆಗೆ ಎದ್ದಾಗ ಮುಸ್ಸಂಜೆಯ ನಂತರ ಹೊಲದಂಚಿನಲ್ಲಿ ಬೆಂಕಿ ಹಾಕುತ್ತಾರೆ, ಇಲ್ಲವೇ ದೀಪ ಕಟ್ಟಿ ಕೆಳಗೆ ನೀರಿನ ತೊಟ್ಟಿ ಇಡುತ್ತಾರೆ. ಪತಂಗಗಳು ಬೆಳಕಿಗೆ ಬಂದು ಬೀಳುತ್ತವೆ. ಒಬ್ಬರೇ ಬೆಂಕಿ ಹಾಕಿದರೆ ಸುತ್ತಲಿನ ಹೊಲಗಳ ಪತಂಗಗಳೂ ಅವರ ಹೊಲದತ್ತಲೇ ತಿರುಗುತ್ತವೆ. ಹಾಗಾಗಿ ಊರೆಲ್ಲ ಸೇರಿ, ಒಂದೇ ವಾರದಲ್ಲಿ ಮಾಡಬೇಕಾದ ಕೆಲಸವಿದು. ಮರಿಗಳು ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಎಲೆಯ ಅಡಿ ಒಟ್ಟಾಗಿ ಕೂತು ಹಸಿರು ಕೆರೆಯುತ್ತವೆ. ಆಗ ಆ ಎಲೆ ಕಿತ್ತರೆ ನೂರಾರು ಹುಳು ಒಂದೇ ಕೈಗೆ. ಬಲಿತು ಮೈತುಂಬ ಕೂದಲು ಬಂದ ಮೇಲೆ ಯಾವ ಔಷಧಿಯೂ ಸುಲಭಕ್ಕೆ ನಾಟುವುದಿಲ್ಲ. ಹಿಂಡುಗಟ್ಟಿ ಹೊಲದಿಂದ ಹೊಲಕ್ಕೆ ಸಾಗುವ ಹುಳುವನ್ನು ಆಗ ತಡೆಯುವುದು ಬದುವಿನಂಚಿಗೆ ತೋಡಿದ ಕಾಲುವೆ ಮಾತ್ರ.

ತಂಬಾಕಿನ ಎಲೆ ತಿನ್ನುವ ಹುಳು, ಅಂದರೆ ಸ್ಪೊಡಾಪ್ಟೆರಾ, ಬೇರೆಯದೇ ಸ್ವಭಾವದ್ದು. ಇದರ ಹೆಣ್ಣು ಪತಂಗಕ್ಕೆ ಶೇಂಗಾಕ್ಕಿಂತ ಹರಳು ಗಿಡದ ಅಗಲ ಎಲೆ ಇಷ್ಟ. ಆದ್ದರಿಂದ ಹೊಲದ ಸುತ್ತ, ನಡುವೆ ಅಲ್ಲಲ್ಲಿ ಹರಳು ಬೀಜ ಊರುತ್ತಾರೆ. ಪತಂಗ ಅಲ್ಲಿ ಮೊಟ್ಟೆಯ ಗುಂಪನ್ನಿಟ್ಟು ಕಂದು ರೋಮ ಹೊದಿಸುತ್ತದೆ. ಮರಿ ಹುಳುಗಳು ಕೆರೆದ ಹರಳೆಲೆ ನರ ಮಾತ್ರ ಉಳಿದು ಬೆಳ್ಳಗಾಗಿ ಬದುವಿನ ಮೇಲೆ ನಿಂತವರಿಗೂ ಕಾಣುತ್ತದೆ. ಆ ಎಲೆಯನ್ನು ಕಿತ್ತು ನಾಶ ಮಾಡಿದರೆ ಮುಗಿಯಿತು. ಹರಳು ಬಿತ್ತಿ ಸುಮ್ಮನಾಗುವವರಿಗೆ ಮಾತ್ರ ಅದರಿಂದ ಕೆಡುಕೇ ಹೆಚ್ಚು. ಕೀಳದೆ ಬಿಟ್ಟ ಹರಳೆಲೆಯಲ್ಲಿ ಬೆಳೆದ ಹುಳು ನೇರ ಶೇಂಗಾಕ್ಕೇ ಇಳಿಯುತ್ತದೆ. ವಾರಕ್ಕೆರಡು ಬಾರಿ ಹೊಲ ಸುತ್ತುವ ಅಭ್ಯಾಸವಿಲ್ಲದೆ ಈ ಉಪಾಯ ಫಲಿಸದು.

ಹೊಲದಲ್ಲಿ ನಿಲ್ಲಿಸುವ ಮೋಹಕ ಬಲೆಯ ಕೆಲಸವೂ ಸುದ್ದಿ ಹೇಳುವುದೇ. ಹೆಣ್ಣು ಪತಂಗದ ವಾಸನೆಯಿರುವ ಬಿಲ್ಲೆಗೆ ಗಂಡು ಬಂದು ಬೀಳುತ್ತದೆ. ಇಂದು ಎಷ್ಟು ಬಿದ್ದವು, ನಿನ್ನೆಗಿಂತ ಹೆಚ್ಚೋ ಎಂದು ನೋಡಿದರೆ ಮೊಟ್ಟೆ ಬೀಳುವ ಕಾಲ ತಿಳಿಯುತ್ತದೆ. ಹುಳು ಎದ್ದೇ ಬಿಟ್ಟರೆ ಅದಕ್ಕೆ ಮಾತ್ರ ತಗಲುವ ಎನ್‌ಪಿವಿ ನಂಜಾಣುವಿದೆ. ಬಿಸಿಲಿಗೆ ಕೆಡುವುದರಿಂದ ಸಂಜೆ ಸಿಂಪಡಿಸಬೇಕು. ಸೋಂಕಿದ ಹುಳು ಗಿಡದ ತುದಿಗೇರಿ ತಲೆಕೆಳಗಾಗಿ ಜೋತು ಸಾಯುತ್ತದೆ. ಒಡೆದ ಅದರ ಮೈಯಿಂದ ನಂಜು ಕೆಳಗಿನ ಎಲೆಗೂ ಹರಡುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೈತರಿಗೆ ಪರಿಚಯಿಸಿದ ನೊಮುರಿಯಾ ರಿಲೈ ಎಂಬ ಶಿಲೀಂಧ್ರ ಹುಳುವನ್ನು ಮೊದಲು ಬೆಳ್ಳಗೆ, ಆಮೇಲೆ ಹಸಿರಾಗಿ ಸೆಟೆಯಿಸುತ್ತದೆ. ಮೋಡ ಮುಸುಕಿ ತೇವವಿದ್ದಾಗಲೇ ಇದರ ಶಕ್ತಿ.

ಸುರುಳಿ ಪೂಚಿಗೆ ಬೇಕಾದದ್ದು ಅದಕ್ಕೆ ವಿರುದ್ಧ, ಬರ. ಮಳೆ ಕೈಕೊಟ್ಟಾಗ ಎಲೆಯೊಳಗೇ ಕೊರೆದು, ಬಳಿಕ ಎಲೆಗಳನ್ನು ಮಡಚಿ ಒಳಗಿದ್ದು ತಿನ್ನುತ್ತದೆ. ದೂರದಿಂದ ಹೊಲ ಸುಟ್ಟ ಹಾಗೆ ಕಾಣುತ್ತದೆ. ಒಳ್ಳೆ ಮಳೆಯೊಂದು ಬಿದ್ದರೆ ತಾನೇ ಇಳಿಯುತ್ತದೆ. ಮಡಚಿದ ಎಲೆ ಕಂಡೊಡನೆ ಪಂಪು ಹೆಗಲಿಗೇರಿಸುವುದು ಅವಸರ. ಪೂಚಿಯ ಮೈಯಲ್ಲೇ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಸಣ್ಣ ಕಣಜಗಳು, ಜೇಡಗಳು ಆಗ ಹೊಲದಲ್ಲಿರುತ್ತವೆ. ಔಷಧಿಗೆ ಮೊದಲು ಬಲಿಯಾಗುವುದು ಅವೇ. ಅವು ಹೋದ ಹೊಲದಲ್ಲಿ ಪೂಚಿಯ ಮುಂದಿನ ಪೀಳಿಗೆಗೆ ತಡೆಯಿಲ್ಲ. ಸಜ್ಜೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರ ಕ್ರಮ ಇಂಥ ಉಪಕಾರಿ ಜೀವಿಗಳಿಗೆ ಆಸರೆ.

ಹಾಗಾದರೆ ಯಾವಾಗ ಹೊಡೆಯಬೇಕು? ಈ ಪ್ರಶ್ನೆಗೆ 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು ಕೊಟ್ಟ ಉತ್ತರವೇ ಈ ವಿದ್ಯೆಯ ಬುನಾದಿ: ಕೀಟವಿರುವುದು ತೊಂದರೆಯಲ್ಲ, ಅದರ ನಷ್ಟ ಹತೋಟಿಯ ಖರ್ಚನ್ನು ಮೀರುವ ಮಟ್ಟಕ್ಕೆ ಬರುವ ಮುನ್ನ ಕೈಹಾಕಿ. ಶೇಂಗಾ ಎಳೆತನದಲ್ಲಿ ಕಳೆದುಕೊಂಡ ಎಲೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹೂಬಿಟ್ಟು ಕಾಯಿ ಕಟ್ಟುವಾಗ ಅಷ್ಟು ಸಹನೆ ಅದಕ್ಕಿಲ್ಲ. ಹಾಗಾಗಿ ಹೊಲದ ನಾಲ್ಕಾರು ಕಡೆ ಕೂತು ಸಾಲಿನಲ್ಲಿ ಹುಳು ಎಣಿಸಬೇಕು. ಮಿತಿಗೆ ಹತ್ತಿರ ಬಂದರೆ ಮೊದಲು ಬೇವಿನ ಬೀಜದ ಕಷಾಯ: 5 ಕಿಲೋ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರಿಗೆ ಹಿಗ್ಗಿಸಿ, ಎಲೆಗೆ ಅಂಟಲು ಸ್ವಲ್ಪ ಸೋಪು ಬೆರೆಸಿ ಅಂದೇ ಬಳಸಬೇಕು. ಹುಳು ತಕ್ಷಣ ಸಾಯುವುದಿಲ್ಲ, ಮೇವು ಬಿಡುತ್ತದೆ. ರಾಸಾಯನಿಕ ಕೊನೆಯ ಅಸ್ತ್ರ.

ರೋಗಗಳಿಗೂ ಇದೇ ದಾರಿ. ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿದರೆ ಬುಡ ಕೊಳೆಯುವುದು ತಗ್ಗುತ್ತದೆ. ತುಕ್ಕು ಮತ್ತು ತಡವಾಗಿ ಬರುವ ಎಲೆಚುಕ್ಕೆಯನ್ನು ತಾಳುವ ಜಿಪಿಬಿಡಿ-4 ತಳಿ ಧಾರವಾಡದ್ದೇ ಕೊಡುಗೆ.

ಬೆಳೆಯ ಹೊರಗಿನ ಕೆಲಸ ಎಷ್ಟು ದೊಡ್ಡದೆಂದು ಪಾವಗಡಕ್ಕೆ ಅಂಟಿಕೊಂಡಿರುವ ಅನಂತಪುರ ಜಿಲ್ಲೆ 2000ದಲ್ಲಿ ಕಂಡಿತು. ಶೇಂಗಾ ಗಿಡಗಳು ಕುಡಿಯಿಂದ ಕಾಂಡದವರೆಗೆ ಒಣಗಿ ಸತ್ತವು. ಸುಮಾರು 2.25 ಲಕ್ಷ ಹೆಕ್ಟೇರಿಗೆ ರೋಗ ಹಬ್ಬಿ, ನಷ್ಟ 300 ಕೋಟಿ ರೂಪಾಯಿ ಮೀರಿತು. ಹುಡುಕಿದಾಗ ಸಿಕ್ಕಿದ ರೋಗದ ಮೂಲ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ. ಈ ಕಳೆ ನಂಜನ್ನು ಒಳಗಿಟ್ಟುಕೊಂಡೂ ಹಸಿರಾಗಿಯೇ ಇರುತ್ತದೆ. ಅದರ ಪರಾಗವನ್ನು ಮೈಗೆ ಮೆತ್ತಿಕೊಂಡ ಥ್ರಿಪ್ಸ್ ನುಸಿಗಳು ಶೇಂಗಾ ಎಲೆ ಕೆರೆದಾಗ, ಆ ಗಾಯದ ಮೂಲಕ ನಂಜು ಒಳಹೊಗುತ್ತದೆ. ಒಮ್ಮೆ ಹೊಕ್ಕ ಗಿಡಕ್ಕೆ ಮದ್ದಿಲ್ಲ. ಹೊಲದ ಸುತ್ತ ಒತ್ತಾಗಿ ಜೋಳ ಅಥವಾ ಸಜ್ಜೆಯ ಸಾಲುಗಳನ್ನು ಬಿತ್ತಿದರೆ ಗಾಳಿಯಲ್ಲಿ ಬರುವ ನುಸಿಗೆ ಅಷ್ಟು ಅಡ್ಡ. ಅದಕ್ಕಿಂತ ಮುಖ್ಯವಾದದ್ದು ಕಳೆಯನ್ನೇ ತೆಗೆಯುವುದು. ಬದು, ಬಂಡಿದಾರಿ, ಕೆರೆ ಏರಿ, ಶಾಲೆಯ ಬಯಲು, ಎಲ್ಲೇ ಇರಲಿ, ಈ ಗಿಡವನ್ನು ಹೂ ಬಿಡುವ ಮೊದಲೇ ಊರವರು ಸೇರಿ ಕಿತ್ತುಹಾಕಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ.