ಬಿಸಿಲು ಹೆಚ್ಚಾದ ವರ್ಷ ಮಳೆಯೂ ಹೆಚ್ಚೇ?

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದರೆ ನಮ್ಮ ಹೊಳೆಮಣ್ಣೂರ ಕಟ್ಟೆಯ ಮೇಲೆ ಪ್ರತಿ ವರ್ಷ ಒಂದು ಮಾತು ಕೇಳಿಬರುತ್ತದೆ. 'ಬಿಸಲ ಭಾಳ ಜೋರ ಐತಿ, ಈ ಸಲ ಮಳಿ ಚಲೋ ಆಗತೈತಿ ನೋಡ್ರಿ.' ಸುಮ್ಮನೆ ಆಡುವ ಮಾತಾದರೆ ಚಿಂತೆಯಿಲ್ಲ. ಆದರೆ ಇದನ್ನೇ ನಂಬಿ ಲಾವಣಿಗೆ ಹೊಲ ಹಿಡಿಯುವವರಿದ್ದಾರೆ. ಬೀಜ-ಗೊಬ್ಬರಕ್ಕೆ ಸಾಲ ಎತ್ತುವವರಿದ್ದಾರೆ. ಅದಕ್ಕೇ ಈ ಮಾತು ಎಷ್ಟು ಖರೆ ಎಂದು ನೋಡೋಣ.

ನಮ್ಮದು ರೋಣ ತಾಲ್ಲೂಕಿನ ಎರಿ ಭೂಮಿ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಪಡುವಣದ ಮೋಡ ಸಹ್ಯಾದ್ರಿಯ ಮೇಲೆ ಸುರಿದು ಹಗುರಾಗಿ ನಮ್ಮ ಕಡೆ ಬರುತ್ತದೆ. ಊರ ಮಗ್ಗುಲಲ್ಲೇ ಮಲಪ್ರಭೆ ಇದ್ದಾಳೆ ನಿಜ. ಆಕೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಜೋರು ಮಳೆಯಾಗಿ, ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರೆ ನಮಗೆ ಪ್ರವಾಹ. 2019ರ ಆಗಸ್ಟಿನಲ್ಲಿ ಹೊಳೆಸಾಲಿನ ಊರುಗಳು ಅದನ್ನು ಉಂಡಿವೆ. ಹೊಳಿ ತುಂಬಿದರೂ ಮೇಲಿನ ಒಣ ಹೊಲಕ್ಕೆ ಅದರಿಂದ ಒಂದು ಹನಿ ಇಲ್ಲ. ಹೊಲ ನಂಬಿರುವುದು ತನ್ನ ಮೇಲೆ ಬಿದ್ದ ಮಳೆಯನ್ನಷ್ಟೇ.

ಎರಡು ಫೆಬ್ರುವರಿಗಳ ಲೆಕ್ಕ

2023ರ ಫೆಬ್ರುವರಿ ನೆನಪಿದೆಯೇ? ದೇಶದ ಹಗಲಿನ ಉಷ್ಣತೆಯ ಸರಾಸರಿ ಹಿಡಿದರೆ 1901ರಿಂದೀಚೆಗೆ ಅಷ್ಟು ಕಾದ ಫೆಬ್ರುವರಿ ಅದುವರೆಗೆ ಇರಲಿಲ್ಲ ಎಂದು ಹವಾಮಾನ ಇಲಾಖೆ ಹೇಳಿತು. ಕಟ್ಟೆಯ ಮಾತು ಖರೆಯಾಗಿದ್ದರೆ ಆ ವರ್ಷ ಮಳೆ ಸುರಿಯಬೇಕಿತ್ತು. ಆದದ್ದೇನು? ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಆಗಸ್ಟಿನಲ್ಲಂತೂ ದೇಶದಲ್ಲಿ 1901ರಿಂದೀಚೆಗೆ ಎಲ್ಲಕ್ಕಿಂತ ಕಡಿಮೆ ಮಳೆ. ನಮ್ಮ ಹೊಲದಾಗ ಹೆಸರು ಗೇಣುದ್ದ ಬಂದು ನಿಂತಲ್ಲೇ ಬಾಡಿತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರ ಘೋಷಿಸಿತು.

ಇನ್ನು 2025. ಆಗಲೂ ಫೆಬ್ರುವರಿ ಸುಟ್ಟಿತು. ಹಗಲು-ರಾತ್ರಿ ಸೇರಿಸಿದ ಸರಾಸರಿಯಲ್ಲಿ ಅದೂ 1901ರಿಂದೀಚಿನ ದಾಖಲೆಯೇ. ಆದರೆ ಆ ವರ್ಷ ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು. ಕರ್ನಾಟಕದಲ್ಲಿ ಮೇ ತಿಂಗಳ ಮಳೆ ವಾಡಿಕೆಯ ಎರಡು ಪಟ್ಟಿಗಿಂತಲೂ ಹೆಚ್ಚಾಯಿತು.

ಎರಡೂ ಫೆಬ್ರುವರಿ ಒಂದೇ ನಮೂನೆ ಕಾದವು. ಮಳೆ ಮಾತ್ರ ಒಂದಕ್ಕೊಂದು ಉಲ್ಟಾ. ಹಾಗಾಗಿ ಬೇಸಿಗೆಯ ಮೊದಲ ಬಿಸಿಲಿನಿಂದ ಮಳೆಯ ಲೆಕ್ಕ ಹಾಕಲು ಬರುವುದಿಲ್ಲ.

ಹಿರಿಯರ ಮಾತು ಪೂರಾ ಸುಳ್ಳೂ ಅಲ್ಲ. ನೆಲ ಕಾದಾಗ ಕಡಲ ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ, ಮುಂಗಾರಿಗೆ ಅದೂ ಬೇಕು. ಆದರೆ ಅದು ಏಪ್ರಿಲ್-ಮೇ ತಿಂಗಳಲ್ಲಿ ಇಡೀ ದೇಶದ ನೆಲ ಕಾಯುವ ಮಾತು, ನಮ್ಮೂರ ಶಿವರಾತ್ರಿ ಬಿಸಿಲಿನದಲ್ಲ. ಅದರ ಜೊತೆಗೆ ಕಡಲುಗಳ ಆಟವೂ ಇದೆ. ದೂರದ ಶಾಂತಸಾಗರದ ನೀರು ವಾಡಿಕೆಗಿಂತ ಹೆಚ್ಚು ಬಿಸಿಯಾಗುವುದಕ್ಕೆ ಎಲ್ ನಿನೋ ಅನ್ನುತ್ತಾರೆ. 2023ರಲ್ಲಿ ಅದು ಇತ್ತು. ಎಲ್ ನಿನೋ ಬಂದರೆ ಬರ ಖಾತ್ರಿ ಅಂತಲೂ ಅಲ್ಲ. 1997ರಲ್ಲಿ ಬಲವಾದ ಎಲ್ ನಿನೋ ಇದ್ದೂ ದೇಶಕ್ಕೆ ವಾಡಿಕೆಯ ಮಳೆಯಾಯಿತು.

ಮುನ್ಸೂಚನೆ ಓದುವುದು ಹೇಗೆ?

ಹವಾಮಾನ ಇಲಾಖೆ ಬೇಸಿಗೆ ಹೊಸ್ತಿಲಲ್ಲಿ ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನ ಮುನ್ನೋಟ ಕೊಡುತ್ತದೆ. ಏಪ್ರಿಲ್ ನಡುವೆ ಮುಂಗಾರಿನ ಮೊದಲ ಅಂದಾಜು, ಮೇ ಕೊನೆಗೆ ಎರಡನೆಯದು. ಶೇಕಡಾ ಲೆಕ್ಕದ ಆ ಅಂಕಿ ಇಡೀ ದೇಶದ ನಾಲ್ಕು ತಿಂಗಳ ಮಳೆಯದು. 2023ರಲ್ಲಿ ಹೇಳಿದ್ದು ಶೇ. 96, ದೇಶಕ್ಕೆ ಬಂದದ್ದು ಶೇ. 94. ಅಂದಾಜು ಹೆಚ್ಚು ತಪ್ಪಲಿಲ್ಲ. ಆದರೂ ನಮ್ಮಲ್ಲಿ ಬರ. ಆದ್ದರಿಂದ ಆ ಅಂಕಿ ನೋಡಿ ಲಾವಣಿ ಹಿಡಿಯುವುದು ಬೇಡ.

ನಮಗೆ ಹೆಚ್ಚು ಉಪಯೋಗ ಮಂಗಳವಾರ ಮತ್ತು ಶುಕ್ರವಾರ ಬರುವ ಐದು ದಿನದ ಕೃಷಿ ಹವಾಮಾನ ಸಲಹೆ. ಮೇಘದೂತ ಆ್ಯಪಿನಲ್ಲಿ ಜಿಲ್ಲೆವಾರು ಕನ್ನಡದಲ್ಲೇ ಸಿಗುತ್ತದೆ. ನಿಮಗೆ ಬರದಿದ್ದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಹೇಳಿ.

ಇನ್ನೊಂದು ಮಾತು. ಬಯಲುಸೀಮೆಯಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲೆ ಹೋದರೆ, ಇಲ್ಲವೇ ನೇರವಾಗಿ 45 ದಾಟಿದರೆ ಬಿಸಿಗಾಳಿ ಎಂದು ಸಾರುತ್ತಾರೆ. ಈ ಅಂಕಿ ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಬರಿಗಾಲಿಗೆ ತಾಗುವ ಎರಿ ನೆಲ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. 39 ಡಿಗ್ರಿ ಎಂದು ಕೇಳಿ 'ಬಿಸಿಗಾಳಿ ಇಲ್ಲ ಬಿಡು' ಎಂದು ನಡುಹಗಲು ಹೊಲದಲ್ಲಿರಬಾರದು.

ಹಾಗಾದರೆ ಈಗ ಮಾಡುವುದೇನು?

ಬಿಸಿಲು ಮಳೆಯ ಸುದ್ದಿ ಹೇಳುವುದಿಲ್ಲ. ಆದರೆ ಇವತ್ತಿನ ಕೆಲಸ ಹೇಳುತ್ತದೆ.

ನೆಲ: ಜೋಳ, ಕಡಲೆ ಕಿತ್ತ ಕೂಡಲೇ, ಒಂದಿಷ್ಟು ಹಸಿ ಇರುವಾಗಲೇ ಕುಂಟಿ ಹೊಡೆದರೆ ಒಳ್ಳೆಯದು. ತಡಮಾಡಿದರೆ ಎರಿ ಕಲ್ಲಾಗಿ, ಬಾಯಿ ಬಿಟ್ಟು, ರಂಟಿಗೆ ಬರೀ ಹೆಂಟೆ ಏಳುತ್ತವೆ. ಕಳೆ ಹೆಚ್ಚಿದ್ದಲ್ಲಿ ಇಳಿಜಾರಿಗೆ ಅಡ್ಡಲಾಗಿ ಮಾಗಿ ಉಳುಮೆ ಮಾಡಿ. ಕಳೆಯ ಬೇರು, ಕೀಡೆಯ ಕೋಶ ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ. ಈ ಒಂದು ಕೆಲಸಕ್ಕೆ ಬಿಸಿಲು ನಮ್ಮ ಪುಕ್ಕಟೆ ಆಳು. ಒಡೆದ ಬದು, ಒಡ್ಡು ಅಡ್ಡಮಳೆಗೆ ಮುಂಚೆ ಕಟ್ಟಿಕೊಳ್ಳಬೇಕು. ಹಿಂಗಾರಿಗೆ ಬಿಟ್ಟ ಹೊಲಕ್ಕೆ ಮಳೆಗಾಲದಲ್ಲಿ ಹತ್ತು-ಹದಿನೈದು ಅಡಿಯ ಚೌಕು ಮಡಿ ಹಾಕಿದರೆ ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ.

ಬೀಜ: ಹೆಸರಿನ ಬೀಜವನ್ನು ತಗಡಿನ ಮಾಡಿನ ಕೆಳಗೆ ಇಡಬೇಡಿ. ಕಾವಿಗೆ ಮೊಳಕೆ ಶಕ್ತಿ ಹೋಗುತ್ತದೆ. ಮೇ ತಿಂಗಳಲ್ಲಿ 100 ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಡಿ. ನಾಲ್ಕೈದು ದಿನಕ್ಕೆ ಬಿಚ್ಚಿ ನೋಡಿ. 75ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ಹುಡುಕಲು ಇನ್ನೂ ಹೊತ್ತು ಇರುತ್ತದೆ.

ಆಳು-ದನ: ಮುಂಜಾನೆ ಆರಕ್ಕೆ ಹೊಲಕ್ಕೆ ಇಳಿದು ಹನ್ನೊಂದಕ್ಕೆ ಮೇಲೇಳಬೇಕು. ಕೂಲಿಗೆ ಬಂದವರಿಗೂ ಇದೇ ವೇಳೆ. ಅವರ ಜೀವವೂ ಜೀವವೇ. ಬುತ್ತಿಯ ಜೊತೆ ಮಜ್ಜಿಗೆ ಇರಲಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದ ನೀರೂ ಆದೀತು. ಮೈ ಕೆಂಡವಾಗಿ, ಮಾತು ತಡವರಿಸಿದರೆ ಅದು ಸಾದಾ ದಣಿವಲ್ಲ. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ ದವಾಖಾನೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಎಮ್ಮೆಗೆ ಬಿಸಿಲು ಆಕಳಿಗಿಂತ ಹೆಚ್ಚು ತಾಪ. ನಡುಹಗಲು ಅದರ ಮೈಗೆ ನೀರು ಹಾಕಿ. ಕೊಟ್ಟಿಗೆ ತಗಡಿನದಾದರೆ ಮೇಲೆ ಕಣಿಕಿ ಹೊದಿಸಿ.

ಬಿತ್ತಿಗಿ: 'ರೋಹಿಣಿ ಮಳೆಗೆ ಓಣೆಲ್ಲ ಜೋಳ' ಎಂಬ ಗಾದೆ ಇದೆ. ಆದರೆ ಒಂದು ಅಡ್ಡಮಳೆ ಬಿದ್ದ ಕೂಡಲೇ ಕೂರಿಗಿ ಹೂಡುವುದು ಜೂಜು. ಸಲಿಕೆಯಿಂದ ಹೊಲದ ನಾಲ್ಕು ಕಡೆ ತೋಡಿ ನೋಡಿ. ಒಂದು ಗೇಣು ಹಸಿ ಇಳಿದು, ಮೇಲಿನ ಹಸಿ ಕೆಳಗಿನ ಹಸಿಗೆ ಕೂಡಿರಬೇಕು. ಮೇಲೆ ನಾಲ್ಕು ಬೆರಳು ಒದ್ದೆ, ಕೆಳಗೆ ಕಾದ ಒಣ ಮಣ್ಣು ಇದ್ದರೆ ಮೊಳಕೆ ಮೂರು ದಿನದ ಬಿಸಿಲಿಗೆ ಸುಡುತ್ತದೆ. ಹಸಿ ಕೂಡಿದ್ದರೂ ಐದು ದಿನದ ಮುನ್ಸೂಚನೆ ಒಮ್ಮೆ ನೋಡಿ. ಹೋದ ಬೀಜ ಮತ್ತೆ ಕೊಳ್ಳುವುದು ಸಣ್ಣ ರೈತನಿಗೆ ದುಬಾರಿ.

ಬೇಗ ಏರುವ ಬಿಸಿಲು ಹಿಂಗಾರಿಗೂ ಒಂದು ಪಾಠ ಹೇಳುತ್ತದೆ. ತಡವಾಗಿ ಬಿತ್ತಿದ ಕಡಲೆ, ಗೋಧಿಗೆ ಕಾಳು ಕಟ್ಟುವ ಹೊತ್ತಿಗೆ ಕಾವು ತಾಗಿ ಕಾಳು ಜೊಳ್ಳಾಗುತ್ತದೆ. ಅಕ್ಟೋಬರಿನಲ್ಲಿ ಹದ ಸಿಕ್ಕ ದಿನವೇ ಬಿತ್ತಿ ಮುಗಿಸಿದವರಿಗೆ ಈ ಏಟು ಕಡಿಮೆ. ಮುಂದಿನ ಹಿಂಗಾರಿಗೆ ಕೂರಿಗಿ, ಬೀಜ ಮೊದಲೇ ಸಜ್ಜಾಗಿರಲಿ.